ಕನ್ನಡಿ ಮುಂದೆ ಚೆನ್ನಾಗಿತ್ತು, ಸ್ಯಾಡಲ್ ಮೇಲೆ ಅಲ್ಲ

ದುಬಾರಿ ಸೈಕ್ಲಿಂಗ್ ಬಟ್ಟೆಯನ್ನು ಕಾರ್ಟ್‌ಗೆ ಹಾಕಿಟ್ಟು, ಹಣ ಕಟ್ಟಲೋ ಬೇಡವೋ ಅಂತ ಯೋಚಿಸುತ್ತಾ ಕೂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದು ಹತ್ತು ನಿಮಿಷ ತಡೆಯಿರಿ. ನನಗೂ ಗೆಳೆಯನೊಬ್ಬ ಇದೇ ಮಾತು ಹೇಳಿದ್ದ. ನಾನು ಕೇಳಲಿಲ್ಲ.

ನಾನು ಕೊಂಡದ್ದು ಒಂದು ಜೆರ್ಸಿ, ಒಂದು ಬಿಬ್ ಶಾರ್ಟ್ಸ್. ಬಿಬ್ ಅಂದರೆ ಸೊಂಟದಲ್ಲಿ ಎಲಾಸ್ಟಿಕ್ ಇಲ್ಲದೆ, ಹೆಗಲ ಮೇಲಿನ ಎರಡು ಪಟ್ಟಿಗಳ ಆಸರೆಯಲ್ಲಿ ನಿಲ್ಲುವ ಶಾರ್ಟ್ಸ್. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಕಂಪನಿ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಜಗಳವೇ ಮುಂದಾಗುತ್ತದೆ. ನಾನು ಬಿದ್ದ ಗುಂಡಿಗೆ ಯಾರ ಬಟ್ಟೆ ಕೊಂಡರೂ ಬೀಳಬಹುದು.

ಸಣ್ಣ ಕಂಪನಿ, ಒಂದೊಂದು ಬಣ್ಣದಲ್ಲೂ ಕೆಲವೇ ಪೀಸ್ ಹೊಲಿಸುತ್ತಾರೆ. ಮೊದಲೇ ಹಣ ಕಟ್ಟಿ ಕಾಯಬೇಕು. ಪುಟ ತೆರೆದರೆ ಮಂಜು, ಬೆಟ್ಟದ ತಿರುವು, ತೆಳ್ಳಗಿನ ಜನ. ಒಬ್ಬ ಗೋಡೆಗೆ ಒರಗಿ ಕಾಫಿ ಕುಡಿಯುತ್ತಿದ್ದ. ಇನ್ನೊಬ್ಬಳು ಸೈಕಲ್ ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ತಿಂಗಳುಗಳ ನಂತರ ಮತ್ತೆ ಆ ಫೋಟೋಗಳನ್ನು ನೋಡಿದಾಗ ಹೊಳೆಯಿತು: ಅಷ್ಟು ಫೋಟೋಗಳಲ್ಲಿ ಒಂದರಲ್ಲೂ ಯಾರೂ ಬಗ್ಗಿ ಪೆಡಲ್ ತುಳಿಯುತ್ತಿರಲಿಲ್ಲ. ಎಲ್ಲರೂ ನಿಂತಿದ್ದರು. ಅವತ್ತು ನನ್ನ ಕಣ್ಣಿಗೆ ಬಿದ್ದದ್ದು ಬಣ್ಣ ಮಾತ್ರ. ಒಣ ಮರಳಿನಂಥ ತಿಳಿ ಬಣ್ಣ. ನಾಲ್ಕು ವರ್ಷದಿಂದ ಕಪ್ಪು ಶಾರ್ಟ್ಸ್ ಹಾಕಿ ಹಾಕಿ ಬೇಜಾರಾಗಿತ್ತು. ಮರುಳಾದೆ.

ಸೈಜಿನ ವಿಷಯದಲ್ಲಿ ಮೊದಲ ತಪ್ಪು ನಡೆಯಿತು. ಅವರ ಪಟ್ಟಿಯ ಪ್ರಕಾರ ಎದೆಯ ಅಳತೆಗೆ ನಾನು ಮೀಡಿಯಂ, ಸೊಂಟಕ್ಕೆ ಸ್ಮಾಲ್. ಯಾವುದು ತೆಗೆದುಕೊಳ್ಳಲಿ ಅಂತ ಮೇಲ್ ಹಾಕಿದೆ. ಎರಡು ಸೈಜಿನ ನಡುವೆ ಇದ್ದರೆ ಆರಾಮಕ್ಕಾಗಿ ದೊಡ್ಡದನ್ನೇ ಆರಿಸಿ ಅಂತ ಉತ್ತರ ಬಂತು. ಮೀಡಿಯಂ ತರಿಸಿದೆ. ಶರ್ಟಿಗಾದರೆ ಸರಿಯಾದ ಮಾತು. ಬಿಬ್‌ಗೆ ಇದು ತಲೆಕೆಳಗಾದ ಸಲಹೆ. ಹಾಗೇಕೆ ಅಂತ ಮುಂದೆ ಹೇಳುತ್ತೇನೆ.

ಪೊಟ್ಟಣ ಬಂದ ಸಂಜೆಯೇ ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ಏನು ಚೆಂದ! ಜೆರ್ಸಿ ಹೊಟ್ಟೆಯ ಮೇಲೆ ಇಸ್ತ್ರಿ ಮಾಡಿದ ಹಾಗೆ ಕೂತಿತ್ತು. ಬಿಬ್‌ನ ಪಟ್ಟಿಗಳು ಹೆಗಲ ಮೇಲೆ ಇವೆಯೋ ಇಲ್ಲವೋ ಅನ್ನುವಷ್ಟು ಹಗುರ. ಬಿಬ್ ಒಳಗೆ ಕೂರುವ ಜಾಗದಲ್ಲಿ ಹೊಲಿದಿರುವ ಮೆತ್ತನೆಯ ಪ್ಯಾಡ್ ಮೇಲೆ ಅಂಟಿಸಿದ್ದ ಪ್ಲಾಸ್ಟಿಕ್ ಸ್ಟಿಕ್ಕರನ್ನು ಖುಷಿಯಲ್ಲಿ ಕಿತ್ತು ಬಿಸಾಕಿದೆ. ಟ್ಯಾಗೂ ಕತ್ತರಿಸಿದೆ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಅನ್ನುವ ಮಾತು ನಿಜವಾದದ್ದು ಆ ಗಳಿಗೆಯಲ್ಲೇ. ಆ ಸ್ಟಿಕ್ಕರ್ ಇರುವವರೆಗೆ ಮಾತ್ರ ಅದನ್ನು ವಾಪಸ್ ಮಾಡುವ ದಾರಿ ಇರುತ್ತದೆ.

ಆಮೇಲೆ ತಿಳಿದುಕೊಂಡದ್ದು ಇಷ್ಟು. ಸೈಕಲ್ ಬಟ್ಟೆ ಕತ್ತರಿಸುವುದು ಬಗ್ಗಿದ ಮೈಗೆ. ಒಳ್ಳೆ ಬಿಬ್ ನಿಂತಾಗ ಹೆಗಲನ್ನು ಸ್ವಲ್ಪ ಕೆಳಗೆ ಜಗ್ಗಬೇಕು, ಬಗ್ಗಿದ ಕೂಡಲೇ ಆ ಜಗ್ಗಾಟ ಮಾಯವಾಗಬೇಕು. ಜೆರ್ಸಿಯ ಮುಂಭಾಗ ನಿಂತಾಗ ಗಿಡ್ಡ ಅನ್ನಿಸಬೇಕು, ಹಿಂಭಾಗ ಉದ್ದ ಇರಬೇಕು. ನನ್ನದು ಎರಡೂ ಉಲ್ಟಾ. ಕನ್ನಡಿ ಮುಂದೆ ಅಷ್ಟು ಚೆನ್ನಾಗಿ ಕೂತದ್ದೇ ಕೆಟ್ಟ ಲಕ್ಷಣ ಅಂತ ನನಗೆಲ್ಲಿ ಗೊತ್ತಿತ್ತು?

ಮೊದಲ ದೊಡ್ಡ ರೈಡ್ 120 ಕಿಲೋಮೀಟರ್. ಮೂವತ್ತರವರೆಗೆ ಏನೂ ತೊಂದರೆ ಇರಲಿಲ್ಲ. ಆಮೇಲೆ ಹ್ಯಾಂಡಲ್‌ಬಾರಿನ ಕೆಳಗಿನ ಬಾಗಿಗೆ ಕೈ ಇಟ್ಟಾಗಲೆಲ್ಲ ಜೆರ್ಸಿ ಹೊಟ್ಟೆಯ ಹತ್ತಿರ ಮುದ್ದೆಯಾಗುತ್ತಿತ್ತು, ಕಾಲರ್ ಗಂಟಲಿಗೆ ಒತ್ತುತ್ತಿತ್ತು. ಝಿಪ್ ಇಳಿಸಿ ಸಂಭಾಳಿಸಿದೆ. ಬೆನ್ನಿನ ಮೂರು ಜೇಬುಗಳಲ್ಲಿ ಫೋನು, ಟ್ಯೂಬು, ಪುಟ್ಟ ಪಂಪು ಇಟ್ಟಿದ್ದೆ. ಬಟ್ಟೆ ತೆಳು, ಮೇಲಾಗಿ ಸಡಿಲ. ಜೇಬುಗಳು ಜೋತುಬಿದ್ದು ಪ್ರತಿ ಉಬ್ಬಿನಲ್ಲೂ ಸೊಂಟಕ್ಕೆ ಪಟಪಟ ಬಡಿಯುತ್ತಿದ್ದವು. ಇವೆಲ್ಲ ಕಿರಿಕಿರಿ ಅಷ್ಟೇ. ನಿಜವಾದ ತೊಂದರೆ ಅರವತ್ತರ ಹೊತ್ತಿಗೆ ಕೆಳಗೆ ಶುರುವಾಯಿತು.

ಬಿಬ್ ಒಳಗಿನ ಪ್ಯಾಡಿಗೆ ಹಳಬರು ಇವತ್ತಿಗೂ ಶಾಮಿ ಅನ್ನುತ್ತಾರೆ. ಯುರೋಪಿನ ಬೆಟ್ಟಗಳ ಶಾಮಿ ಅನ್ನುವ ಮೇಕೆಯಂಥ ಪ್ರಾಣಿಯ ಚರ್ಮದಿಂದ ಬಂದ ಹೆಸರು ಅದು. ಹಿಂದೆ ಶಾರ್ಟ್ಸ್ ಉಣ್ಣೆಯದ್ದು, ಒಳಗೆ ಚರ್ಮದ ತುಂಡು. ಒಗೆದು ಒಣಗಿಸಿದರೆ ಆ ಚರ್ಮ ಬಿರುಸಾಗುತ್ತಿತ್ತು, ಮೆತ್ತಗಾಗಲು ಕ್ರೀಮ್ ತಿಕ್ಕುತ್ತಿದ್ದರು. ಆಮೇಲೆ ಲೈಕ್ರಾ ಬಂತು. 1958ರಲ್ಲಿ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ರೂಪಿಸಿದ ನೂಲು ಅದು, ಎಳೆದರೆ ತನ್ನ ಉದ್ದದ ಹಲವು ಪಟ್ಟು ಹಿಗ್ಗಿ ಮತ್ತೆ ಮೊದಲಿನಂತೆ ಕುಗ್ಗುತ್ತದೆ. 1970ರ ದಶಕದಲ್ಲಿ ಸೈಕಲ್ ಶಾರ್ಟ್ಸ್‌ಗೂ ಬಂತು. ಪ್ಯಾಡನ್ನು ಮೈಗೆ ಒತ್ತಿ ಹಿಡಿಯುವುದು ಈ ನೂಲೇ. ಅಂದರೆ ಬಟ್ಟೆ ಎಳೆದುಕೊಂಡಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ದೊಡ್ಡ ಸೈಜ್ ಹಾಕಿದರೆ ಎಳೆತ ಇರುವುದಿಲ್ಲ. ಎಳೆತ ಇಲ್ಲದಿದ್ದರೆ ಪ್ಯಾಡ್ ಅಲೆಯುತ್ತದೆ.

ನನ್ನದು ಅಲೆಯಿತು. ಎಡಗಡೆ ಒಂದು ಮಡಿಕೆ ಬಿತ್ತು, ಬೆರಳಿನಷ್ಟು ದಪ್ಪ. ನಿಮಿಷಕ್ಕೆ 85 ಸಲ ಪೆಡಲ್ ತಿರುಗಿಸುತ್ತೇನೆ ಅಂದುಕೊಳ್ಳಿ, ಗಂಟೆಗೆ 5,100 ಸಲ. ಪ್ರತಿ ಸಲವೂ ಆ ಮಡಿಕೆ ತೊಡೆಸಂದಿನ ಅದೇ ಜಾಗವನ್ನು ಉಜ್ಜುತ್ತಿತ್ತು. ಬೆವರು ಬೇರೆ. ಎಂಬತ್ತು ದಾಟಿದ ಮೇಲೆ ನಾನು ಕೂತದ್ದಕ್ಕಿಂತ ಎದ್ದು ನಿಂತು ತುಳಿದದ್ದೇ ಜಾಸ್ತಿ.

ಸಾಲದ್ದಕ್ಕೆ ಮಳೆ ಬಂತು. ತಿಳಿ ಬಣ್ಣದ ತೆಳು ಲೈಕ್ರಾ ನೆನೆದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಹಿಂದೆ ಬರುತ್ತಿದ್ದ ಗೆಳೆಯ ಸುಮ್ಮನೆ ಪಕ್ಕಕ್ಕೆ ಬಂದು, "ಮಾರಾಯ, ಉಳಿದ ದಾರಿ ನೀನೇ ಹಿಂದೆ ಬಾ" ಅಂದ. ಸೈಕಲ್ ಶಾರ್ಟ್ಸ್ ಹೆಚ್ಚಾಗಿ ಕಪ್ಪಗಿರುವುದು ಕಲ್ಪನೆ ಇಲ್ಲದವರು ಮಾಡುವುದರಿಂದ ಅಂದುಕೊಂಡಿದ್ದೆ ನಾನು. ಚೈನಿನ ಗ್ರೀಸು, ಸ್ಯಾಡಲ್ ಕೊಳೆ, ಮಳೆ, ಬೆವರು ಎಲ್ಲವನ್ನೂ ಮುಚ್ಚುವ ಬಣ್ಣ ಬೇರೆ ಯಾವುದಿದೆ?

ಗಾಯ ವಾಸಿಯಾಗಲು ಎರಡು ವಾರ ಬೇಕಾಯಿತು. ಅಷ್ಟು ದಿನ ಸೈಕಲ್ ಮುಟ್ಟಲಿಲ್ಲ. ಇಂಥ ಗಾಯ ಊದಿಕೊಂಡರೆ, ಕೀವು ಕಟ್ಟಿದರೆ, ಜ್ವರ ಬಂದರೆ ನಾಚಿಕೊಳ್ಳದೆ ಡಾಕ್ಟರ ಹತ್ತಿರ ಹೋಗಿ. ಅದರ ಮೇಲೆಯೇ ತುಳಿಯುವ ಹಠ ಬೇಡ.

ಕಂಪನಿಗೆ ಫೋಟೋ ಸಮೇತ ಬರೆದೆ. ಬಹಳ ಮರ್ಯಾದೆಯ ಉತ್ತರ ಬಂತು. ಹೊಲಿಗೆಯಲ್ಲಿ ದೋಷ ಇಲ್ಲ. ಫಿಟ್ ಅನ್ನುವುದು ಅವರವರ ಇಷ್ಟ. ಸ್ಟಿಕ್ಕರ್ ಕಿತ್ತ ಮೇಲೆ ಶುಚಿಯ ಕಾರಣಕ್ಕೆ ವಾಪಸ್ ಇಲ್ಲ. ಮುಂಗಡ ಕೊಟ್ಟು ತರಿಸಿದ ಬಣ್ಣಕ್ಕೆ ಬದಲಿಯೂ ಇಲ್ಲ. ಕೊನೆಯಲ್ಲಿ ಮುಂದಿನ ಖರೀದಿಗೆ ಒಂದು ರಿಯಾಯಿತಿ ಕೂಪನ್. ಹೊಟ್ಟೆ ಉರಿದುಹೋಯಿತು. ಆದರೆ ಒಂದೊಂದೇ ಮಾತು ತೆಗೆದುಕೊಂಡು ನೋಡಿದರೆ ಯಾವುದೂ ಸುಳ್ಳಲ್ಲ. ಎಲ್ಲವೂ ನಿಯಮಗಳಲ್ಲಿ ಮೊದಲೇ ಇತ್ತು, ನಾನು ಓದದೆ ಒಪ್ಪಿದ್ದೆ. ದೊಡ್ಡ ಸೈಜ್ ತೆಗೆದುಕೊಳ್ಳಿ ಅಂದದ್ದು ನೀವೇ ಅಲ್ಲವೇ ಅಂತ ಕೇಳಿದ್ದಕ್ಕೆ ಮಾತ್ರ ಇವತ್ತಿನವರೆಗೂ ಉತ್ತರ ಇಲ್ಲ.

ನನ್ನ ತಪ್ಪು ಇನ್ನೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಐದಾರು ಒಗೆತಕ್ಕೆ ತೊಡೆಯ ತುದಿಯಲ್ಲಿರುವ ಸಿಲಿಕೋನ್ ಪಟ್ಟಿ ಏಳತೊಡಗಿತು, ಜೆರ್ಸಿ ಬೆವರು ಹೀರುವುದನ್ನೇ ಬಿಟ್ಟಿತು. ಮನೆಯ ಬೇರೆ ಬಟ್ಟೆಗಳ ಜೊತೆ ಬಿಸಿನೀರಲ್ಲಿ, ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಿ ಒಗೆಯುತ್ತಿದ್ದೆ. ಸಾಫ್ಟ್‌ನರ್ ನೂಲಿನ ಮೇಲೆ ಒಂದು ಪದರ ಬಿಡುತ್ತದೆ, ಬೆವರು ಒಳಗೆ ಹೋಗಲು ಬಿಡುವುದಿಲ್ಲ. ಬಿಸಿ ಮತ್ತು ಬ್ಲೀಚ್ ಲೈಕ್ರಾದ ಶತ್ರುಗಳು. ತಣ್ಣೀರು, ಒಳಮೈ ಹೊರಗೆ, ನೆರಳಲ್ಲಿ ಒಣಗಿಸಿ ಅಂತ ಲೇಬಲ್ಲಿನಲ್ಲಿ ಬರೆದಿತ್ತು. ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಆದರೆ ಬರೆದಿತ್ತು.

ಹಾಗಾದರೆ ದುಬಾರಿ ಬಟ್ಟೆಯೆಲ್ಲ ಮೋಸವಾ? ಅಲ್ಲ. ಕಡಿಮೆ ಪೀಸ್ ಹೊಲಿದರೆ ಒಂದೊಂದಕ್ಕೂ ಖರ್ಚು ಜಾಸ್ತಿ ಬೀಳುತ್ತದೆ, ಅದು ಲೆಕ್ಕ. ಒಳ್ಳೆ ಬಟ್ಟೆ, ಚರ್ಮಕ್ಕೆ ತಾಗದ ಚಪ್ಪಟೆ ಹೊಲಿಗೆ, ಒಳ್ಳೆ ಝಿಪ್ ಇವಕ್ಕೆ ಹಣ ಕೊಡಬಹುದು. ಆದರೆ ಒಂದು ವಿಷಯ ಗಮನಿಸಿ. ಪ್ಯಾಡನ್ನು ಬಹಳಷ್ಟು ಬ್ರಾಂಡ್‌ಗಳು ತಾವೇ ಮಾಡುವುದಿಲ್ಲ. ಪ್ಯಾಡಿಗಂತಲೇ ಇರುವ ಕಂಪನಿಗಳಿವೆ, ಇಟಲಿಯಲ್ಲಿ ಹೆಸರುವಾಸಿಯಾದವು ಕೆಲವಿವೆ. ಅವು ಹತ್ತಾರು ಬ್ರಾಂಡ್‌ಗಳಿಗೆ ಕೊಡುತ್ತವೆ. ನನ್ನ ಹಳೆಯ ಕಪ್ಪು ಬಿಬ್ ತಿರುಗಿಸಿ ನೋಡಿದೆ. ಅದರ ಪ್ಯಾಡಿನ ಮೇಲೂ ಹೊಸದರ ಮೇಲೂ ಒಂದೇ ತಯಾರಕರ ಗುರುತು! ಎರಡೂ ಒಂದೇ ಮಾದರಿ ಅಂತ ಹೇಳಲಾರೆ. ಆದರೆ ಹೊಸದರ ಹಣಕ್ಕೆ ಹಳೆಯಂಥವು ಮೂರು ಬರುತ್ತಿದ್ದವು. ಹಳೆಯದರಲ್ಲಿ ಇನ್ನೂರಕ್ಕೂ ಹೆಚ್ಚು ರೈಡ್ ಮಾಡಿದ್ದೇನೆ, ಹೊಸದರಲ್ಲಿ ಆರು.

ಈಗ ನಾನು ಹೇಗೆ ಕೊಳ್ಳುತ್ತೇನೆ ಅಂತ ಹೇಳುತ್ತೇನೆ. ಮೊದಲು ವಾಪಸಾತಿಯ ನಿಯಮ ಓದುತ್ತೇನೆ, ಬಣ್ಣ ಆಮೇಲೆ. ಮುಂಗಡ ಕೊಟ್ಟದ್ದಕ್ಕೂ ವಾಪಸ್ ಇದೆಯಾ, ಕಳಿಸುವ ಖರ್ಚು ಯಾರದ್ದು ಅಂತ ನೋಡುತ್ತೇನೆ. ಬಟ್ಟೆ ಬಂದರೆ ಸ್ಟಿಕ್ಕರ್ ಮುಟ್ಟುವುದಿಲ್ಲ. ಬಿಬ್ ಒಳಗೆ ಚಡ್ಡಿ ಹಾಕಬಾರದು ಅನ್ನುವುದು ರೈಡಿಗೆ ಮಾತ್ರ, ಹಾಕಿ ನೋಡುವಾಗ ತೆಳು ಚಡ್ಡಿ ಇರಲೇಬೇಕು. ಕನ್ನಡಿ ಮುಂದೆ ನಿಲ್ಲುವ ಬದಲು ಸೈಕಲ್ಲನ್ನು ಟ್ರೈನರಿಗೆ, ಅಂದರೆ ನಿಂತಲ್ಲೇ ತುಳಿಯುವ ಸ್ಟ್ಯಾಂಡಿಗೆ ಹಾಕಿ, ಇಲ್ಲದಿದ್ದರೆ ಗೋಡೆಗೆ ಒರಗಿಸಿ ಹತ್ತಿ ಕೂರುತ್ತೇನೆ. ಕೈ ಕೆಳಗಿನ ಬಾಗಿಗೆ ಹಾಕಿ ಹದಿನೈದು ನಿಮಿಷ. ಪ್ಯಾಡ್ ಮತ್ತು ಮೈಯ ನಡುವೆ ಎಲ್ಲೂ ಗಾಳಿ ಇರಬಾರದು. ತೊಡೆಸಂದಿನಲ್ಲಿ ಬಟ್ಟೆ ಹಿಡಿದು ಎಳೆದರೆ ಪ್ಯಾಡ್ ಸರಿಯಬಾರದು. ಜೆರ್ಸಿಯ ಜೇಬುಗಳಲ್ಲಿ ದಿನಾ ಒಯ್ಯುವ ಸಾಮಾನನ್ನೆಲ್ಲ ತುಂಬಿ ನೋಡುತ್ತೇನೆ. ಮನೆಯವರು ನಗುತ್ತಾರೆ, ನಗಲಿ.

ಪ್ಯಾಡ್ ದಪ್ಪ ಇದ್ದಷ್ಟೂ ಒಳ್ಳೆಯದು ಅನ್ನುವ ನಂಬಿಕೆಯನ್ನೂ ಬಿಟ್ಟಿದ್ದೇನೆ. ಮೆತ್ತಗಿನ ದಪ್ಪ ಫೋಮ್ ಕೂತು ಕೂತು ಅಪ್ಪಚ್ಚಿಯಾಗುತ್ತದೆ. ಬೇಕಾದದ್ದು ಕೂರುವ ಎರಡು ಮೂಳೆಗಳ ಕೆಳಗೆ ಗಟ್ಟಿ ಫೋಮ್, ಉಳಿದ ಕಡೆ ತೆಳುವಾದದ್ದು. ಆ ಮೂಳೆಗಳ ಅಂತರ ಒಬ್ಬೊಬ್ಬರದ್ದು ಒಂದೊಂದು. ಹಾಗಾಗಿ ನನಗೆ ಸರಿಹೋದದ್ದು ನಿಮಗೂ ಸರಿಹೋಗುತ್ತದೆ ಅನ್ನಲಾರೆ. ನಿಮ್ಮ ಹತ್ತಿರ ಚೆನ್ನಾಗಿ ಹೊಂದುವ ಹಳೆಯ ಬಿಬ್ ಇದ್ದರೆ ಅದನ್ನೇ ಅಳೆದು, ಆ ಅಳತೆ ಹಿಡಿದು ಹೊಸದನ್ನು ಹುಡುಕಿ.

ಆ ಮರಳು ಬಣ್ಣದ ಬಿಬ್ ಏನಾಯಿತು ಅಂದಿರಾ? ಚೆನ್ನಾಗಿ ಒಗೆದು ತಮ್ಮನಿಗೆ ಕೊಟ್ಟೆ. ಅವನು ನನಗಿಂತ ಎಂಟು ಕೆಜಿ ಜಾಸ್ತಿ, ತೊಡೆಯೂ ದಪ್ಪ. ಅದನ್ನು ಹಾಕಿಕೊಂಡು ಒಂದೇ ದಿನ 200 ಕಿಲೋಮೀಟರ್ ತುಳಿದು ಬಂದ. ಇಷ್ಟು ಆರಾಮದ ಬಿಬ್ ಜನ್ಮದಲ್ಲೇ ಹಾಕಿಲ್ಲ ಅಂತಾನೆ. ಮೋಡ ಇಲ್ಲದ ದಿನ ಮಾತ್ರ ಹಾಕುತ್ತಾನೆ, ಅಷ್ಟು ಎಚ್ಚರ ಇದೆ. ಜೆರ್ಸಿ ನನ್ನ ಹತ್ತಿರವೇ ಇದೆ. ಸೈಕಲ್ ಹತ್ತದ ದಿನ ಅದನ್ನು ಹಾಕಿಕೊಂಡು ಗೋಡೆಗೆ ಒರಗಿ ಕಾಫಿ ಕುಡಿಯುತ್ತೇನೆ, ಆ ಫೋಟೋದವನ ಹಾಗೆ. ಮೊನ್ನೆ ತಮ್ಮ ಫೋನ್ ಮಾಡಿದ್ದ.

"ಅಣ್ಣಾ, ಆ ಕೂಪನ್ ಇನ್ನೂ ನಡೆಯುತ್ತಾ?"