ಇಂಟರ್ನೆಟ್ ಬಿಲ್ ಇಳಿಸಲು ನಾಲ್ಕು ಥರದ ಚೌಕಾಸಿ

ನಮ್ಮ ಬೆಂಗಳೂರಿನ ಮನೆಯ ಇಂಟರ್ನೆಟ್ ಪ್ಲಾನ್ 799 ರೂಪಾಯಿಯದಾಗಿತ್ತು. 100 ಎಂಬಿಪಿಎಸ್ ಸ್ಪೀಡು. ಕಟ್ಟುತ್ತಿದ್ದದ್ದು ಮಾತ್ರ 942 ರೂಪಾಯಿ 82 ಪೈಸೆ. ಜಾಹೀರಾತಿನ ಬೆಲೆಗೆ 18 ಪರ್ಸೆಂಟ್ ಜಿಎಸ್‌ಟಿ ಸೇರಿರುವುದಿಲ್ಲ, ಅಲ್ವಾ? ಮೂರು ವರ್ಷ ಸುಮ್ನೆ ಕಟ್ಟಿದೆ. ಆಮೇಲೆ ಮೇಲಿನ ಮನೆಗೆ ಹೊಸದಾಗಿ ಬಂದವರು ಅದೇ ಕಂಪನಿಯ ಅದೇ ಸ್ಪೀಡಿಗೆ 599 ಕೊಡುತ್ತಿದ್ದಾರೆ ಎಂದು ಗೊತ್ತಾಯಿತು. ಹಳೇ ಗಿರಾಕಿಗೆ ಜಾಸ್ತಿ, ಹೊಸಬರಿಗೆ ಕಡಿಮೆ. ಹೊಟ್ಟೆ ಉರಿಯಿತು.

ಅಲ್ಲಿಂದೀಚೆಗೆ ನಾಲ್ಕು ಥರ ಚೌಕಾಸಿ ಮಾಡಿ ನೋಡಿದ್ದೇನೆ. ಮೂರು ಇಲ್ಲಿ, ಒಂದು ಹಾಸನದ ಅಮ್ಮನ ಮನೆಯಲ್ಲಿ.

ಮೊದಲನೆಯದು ಕಸ್ಟಮರ್ ಕೇರ್‌ಗೆ ಫೋನ್. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂಬುದೆಲ್ಲ ಮುಗಿದು ಒಬ್ಬ ಹುಡುಗಿ ಸಿಕ್ಕಳು. ನಾನು ಗತ್ತಿನಲ್ಲಿ, "ಬೆಲೆ ಇಳಿಸದಿದ್ದರೆ ಪೋರ್ಟ್ ಮಾಡಿಸ್ತೀನಿ" ಎಂದೆ. ಒಂದು ಕ್ಷಣ ಆ ಕಡೆ ಮಾತಿಲ್ಲ. "ಮೇಡಂ, ಬ್ರಾಡ್‌ಬ್ಯಾಂಡ್‌ಗೆ ಪೋರ್ಟ್ ಇಲ್ಲ." ಹೌದಲ್ಲ! 1900ಕ್ಕೆ ಮೆಸೇಜ್ ಕಳಿಸಿ ಬೇರೆ ಕಂಪನಿಗೆ ಹೋಗುವುದು ಮೊಬೈಲ್ ನಂಬರಿಗೆ ಮಾತ್ರ. ಇಲ್ಲಿ ಹಳೇ ವೈರು ಕಿತ್ತು ಹೊಸ ವೈರು ಎಳೆಸಬೇಕು. ನನ್ನ ಗತ್ತು ಅಲ್ಲಿಗೆ ಮುಗಿಯಿತು. ಕೊನೆಗೆ ಅವಳು ಕೊಟ್ಟದ್ದು ಮೂರು ತಿಂಗಳು 200 ಎಂಬಿಪಿಎಸ್, ಅದೇ ಬೆಲೆಗೆ. ಮನೆಯಲ್ಲಿ ಒಂದು ಚೂರೂ ವ್ಯತ್ಯಾಸ ಕಾಣಲಿಲ್ಲ. ರೂಮಿನಲ್ಲಿರುವ ನನ್ನ ಲ್ಯಾಪ್‌ಟಾಪು ಹಿಡಿಯುವುದು 2.4 ಗಿಗಾಹರ್ಟ್ಸ್ ವೈಫೈ, ಅಂದರೆ ದೂರಕ್ಕೆ ಹೋಗುವ ಆದರೆ ನಿಧಾನದ ಸಿಗ್ನಲ್ಲು. ಹಾಲ್‌ನಲ್ಲಿರುವ ವೈಫೈ ಬಾಕ್ಸಿನಿಂದ ಅಲ್ಲಿಗೆ ಬರುವುದು 30, 40 ಅಷ್ಟೇ. ಫೋನ್ ಎತ್ತಿದವರಿಗೆ ಬೆಲೆ ಇಳಿಸುವ ಅಧಿಕಾರವೇ ಇರಲಿಲ್ಲ ಎಂದು ನನ್ನ ಅಂದಾಜು.

ಎರಡನೆಯದು ಕನೆಕ್ಷನ್ ತೆಗೆಸುವ ಅರ್ಜಿ. ಆ ಮೂರು ತಿಂಗಳು ಮುಗಿದ ಮೇಲೆ ಆ್ಯಪ್‌ನಲ್ಲಿ ಹುಡುಕಿ ಹುಡುಕಿ (ಆ ಬಟನ್ ಸುಲಭಕ್ಕೆ ಸಿಗುವುದಿಲ್ಲ) ಅರ್ಜಿ ಹಾಕಿದೆ. ಕಾರಣ ಕೇಳಿದ್ದಕ್ಕೆ 'ಬೆಲೆ' ಎಂದು ಒತ್ತಿದೆ. ಎರಡು ದಿನದಲ್ಲಿ ಬೇರೊಬ್ಬರ ಫೋನ್ ಬಂತು. ದನಿಯೇ ಬೇರೆ, ಮರ್ಯಾದೆಯೇ ಬೇರೆ. "ಯಾಕೆ ಮೇಡಂ ಬಿಟ್ಟು ಹೋಗ್ತಿದ್ದೀರಾ?" ನಾನು ಮೇಲಿನ ಮನೆಯವರ ಬಿಲ್ಲಿನ ಲೆಕ್ಕ ಹೇಳಿದೆ. ಬೇರೇನೂ ಹೇಳಲಿಲ್ಲ. ಐದು ನಿಮಿಷದಲ್ಲಿ 599ಕ್ಕೆ ಇಳಿಯಿತು. ಆದರೆ ಆರು ತಿಂಗಳದ್ದು ಒಟ್ಟಿಗೇ ಕಟ್ಟಬೇಕು. ಟ್ಯಾಕ್ಸ್ ಸೇರಿ 4,240 ರೂಪಾಯಿ 92 ಪೈಸೆ. ಹಳೇ ಲೆಕ್ಕದಲ್ಲಿ 5,656 ರೂಪಾಯಿ 92 ಪೈಸೆ ಆಗುತ್ತಿತ್ತು. ಉಳಿದದ್ದು ಸರಿಯಾಗಿ 1,416. ಮನೆ ಬದಲಿಸುವ ಯೋಚನೆ ಇದ್ದರೆ ಇದಕ್ಕೆ ಕೈ ಹಾಕಬೇಡಿ. ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ ಎಂದು ಅವರೇ ಹೇಳಿದರು.

ಆರು ತಿಂಗಳಾದ ಮೇಲೆ ಬೆಲೆ ಮತ್ತೆ 799ಕ್ಕೆ ಏರಿತು. ಮತ್ತೆ ಅದೇ ಅರ್ಜಿ ಹಾಕಿದೆ. ಈ ಸಲ ಫೋನ್ ಮಾಡಿದವರು, "ಈ ಅಕೌಂಟಿಗೆ ಒಂದು ಸಲ ಆಫರ್ ಕೊಟ್ಟಾಗಿದೆ" ಎಂದರು. ನಾನೂ ಹಟ ಹಿಡಿದೆ.

ಹೀಗೆ ಮೂರನೆಯದಕ್ಕೆ ಬಂದೆ. ನಿಜವಾಗಿಯೂ ಬಿಟ್ಟು ಬೇರೆ ಕಂಪನಿಗೆ ಹೋದೆ. 499ರ ಪ್ಲಾನ್, 40 ಎಂಬಿಪಿಎಸ್, ಟ್ಯಾಕ್ಸ್ ಸೇರಿ ತಿಂಗಳಿಗೆ 588 ರೂಪಾಯಿ 82 ಪೈಸೆ. ಆರು ತಿಂಗಳದ್ದು ಕಟ್ಟಿದರೆ ವೈರು ಎಳೆಯುವ ಖರ್ಚಿಲ್ಲ. ತಿಂಗಳಿಗೆ 354 ಉಳಿತಾಯ. ಸ್ಪೀಡು ಸಾಕಾಗುತ್ತದೋ ಇಲ್ಲವೋ ಎಂದು ಹೆದರಿದ್ದೆ. ನೆಟ್‌ಫ್ಲಿಕ್ಸ್‌ನವರೇ 4ಕೆ ನೋಡಲು 15 ಎಂಬಿಪಿಎಸ್ ಸಾಕು, ಫುಲ್ ಎಚ್‌ಡಿಗೆ 5 ಸಾಕು ಎನ್ನುತ್ತಾರೆ. ನಮ್ಮದು ಮೂರು ಜನರ ಮನೆ. ಹಾಲ್‌ನಲ್ಲಿ ಟಿವಿ ಓಡುತ್ತಿರುವಾಗಲೇ ರೂಮಿನಲ್ಲಿ ನನ್ನ ಆಫೀಸ್ ಮೀಟಿಂಗೂ ನಡೆಯಿತು. ಆಗ ತಲೆಗೆ ಹೊಳೆಯಿತು: 499ರ ಪ್ಲಾನು ಹಳೇ ಕಂಪನಿಯಲ್ಲೂ ಇತ್ತಲ್ಲ! ಚೌಕಾಸಿಯೇ ಇಲ್ಲದೆ ಕೆಳಗಿನ ಪ್ಲಾನಿಗೆ ಇಳಿಸಿ ಎಂದಿದ್ದರೆ ಸಾಕಿತ್ತು. ಅಷ್ಟು ಸಲ ಫೋನಿನಲ್ಲಿ ಮಾತಾಡಿದರೂ ಒಬ್ಬರೂ ಅದನ್ನು ಬಾಯಿ ಬಿಡಲಿಲ್ಲ. ನಾನೂ ಕೇಳಲಿಲ್ಲ ಅನ್ನಿ.

ಬದಲಾಯಿಸುವುದರ ತಲೆನೋವು ಸಣ್ಣದಲ್ಲ. ಬಾಲ್ಕನಿ ಗೋಡೆಗೆ ಇನ್ನೊಂದು ತೂತು, ಓನರ್ ಮುಖ ಊದಿಸಿಕೊಂಡರು. ಹಳೇ ಬಾಕ್ಸು ತೆಗೆದುಕೊಂಡು ಹೋಗಲು ಮೂರು ಸಲ ಫೋನ್ ಮಾಡಬೇಕಾಯಿತು. ಅದನ್ನು ಒಯ್ದು ಒಂದು ತಿಂಗಳಿಗೇ, ಬಾಕ್ಸ್ ವಾಪಸ್ ಕೊಟ್ಟಿಲ್ಲ ಎಂದು 1,500 ರೂಪಾಯಿ ಬಿಲ್! ಪುಣ್ಯಕ್ಕೆ ಕೊಡುವಾಗ ಬಾಕ್ಸಿನ ಸೀರಿಯಲ್ ನಂಬರಿನ ಜೊತೆಗೆ ರಸೀದಿಯ ಫೋಟೋ ತೆಗೆದಿದ್ದೆ. ದೂರು ಕೊಟ್ಟು ಡಾಕೆಟ್ ನಂಬರ್ (ದೂರಿಗೆ ಅವರು ಕೊಡುವ ಗುರುತಿನ ನಂಬರು) ಬರೆದಿಟ್ಟುಕೊಂಡೆ. ದೂರಿಗೆ ಒಪ್ಪುವ ಉತ್ತರ ಬರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮದ ಪ್ರಕಾರ ಅವರು 39 ದಿನದೊಳಗೆ ತೀರ್ಮಾನ ಮಾಡಬೇಕು. ಅಲ್ಲಿಗೆ ಬರೆಯುತ್ತೇನೆ ಎಂದ ಎರಡನೇ ದಿನಕ್ಕೆ ಬಿಲ್ ರದ್ದಾಯಿತು.

ನಾಲ್ಕನೆಯದು ಹಾಸನದ್ದು. ಅಮ್ಮನ ಬೀದಿಗೆಲ್ಲ ಟಿವಿ ಕೇಬಲ್ ಕೊಡುವವನೇ ಈಗ ಫೈಬರ್ ಕೂಡ ಕೊಡುತ್ತಾನೆ. ತಿಂಗಳಿಗೆ 500, ಎಲ್ಲಾ ಸೇರಿ. "450 ಮಾಡಪ್ಪ" ಎಂದೆ. "ಅಕ್ಕಾ, ಅದರಲ್ಲಿ ನನಗೆ ಉಳಿಯೋದೇ ಅಷ್ಟು. ಬೆಲೆ ಬೇಡ, ವೈರ್ ಖರ್ಚು ಬಿಡ್ತೀನಿ" ಎಂದ. ನಾನು ಡ್ಯುಯಲ್ ಬ್ಯಾಂಡ್ ರೌಟರ್ (2.4, 5 ಗಿಗಾಹರ್ಟ್ಸ್ ಎರಡರಲ್ಲೂ ವೈಫೈ ಕೊಡುವ ಬಾಕ್ಸು) ಕೂಡ ಕೇಳಿದೆ. ತಲೆ ಕೆರೆದುಕೊಂಡು, ಯಾರೋ ವಾಪಸ್ ಕೊಟ್ಟದ್ದನ್ನು ತಂದು ಹಾಕಿದ. ಒಟ್ಟು ಲೆಕ್ಕದಲ್ಲಿ ಎರಡು ಸಾವಿರಕ್ಕಿಂತ ಕಡಿಮೆಯ ಉಪಕಾರವಲ್ಲ ಅದು. ಮಳೆಗಾಲದಲ್ಲಿ ತೆಂಗಿನ ಗರಿ ಬಿದ್ದು ವೈರು ಕಿತ್ತಾಗ ಅಮ್ಮ ಯಾವ ನಂಬರನ್ನೂ ಒತ್ತಲಿಲ್ಲ. ಗೇಟಿನಲ್ಲಿ ನಿಂತು ಕೂಗಿದರು. ಸಂಜೆಯೊಳಗೆ ಸರಿಹೋಯಿತು. ಒಂದೇ ತೊಂದರೆ, ಬಿಲ್ ಇಲ್ಲ. ಕಾರ್ಡಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಕೊಡುತ್ತಾನೆ. ಆಫೀಸಿನಿಂದ ಇಂಟರ್ನೆಟ್ ಖರ್ಚು ವಾಪಸ್ ಪಡೆಯುವವರಿಗೆ ಅದು ನಡೆಯುವುದಿಲ್ಲ.

ಅಮ್ಮನ ಮನೆಗೆ ಕೇಬಲ್‌ನವನೇ ಸರಿ, ಅದರಲ್ಲಿ ಎರಡು ಮಾತಿಲ್ಲ. ನನ್ನ ಮನೆಗೆ? ದುಡ್ಡಿನ ಲೆಕ್ಕದಲ್ಲಿ ಮೂರನೆಯದು, ನೆಮ್ಮದಿಯ ಲೆಕ್ಕದಲ್ಲಿ ಎರಡನೆಯದು. ಕಸ್ಟಮರ್ ಕೇರ್‌ನಲ್ಲಿ ಬೆಲೆಯ ಮಾತಾಡುವುದನ್ನು ಬಿಟ್ಟೇಬಿಟ್ಟಿದ್ದೇನೆ.

ಹೊಸ ಕಂಪನಿಯ ಆರು ತಿಂಗಳು ಮುಗಿಯುತ್ತಾ ಬಂತು. ಹಳೇ ಕಂಪನಿಯಿಂದ ವಾರಕ್ಕೊಂದು ಮೆಸೇಜ್ ಬರುತ್ತಿದೆ: ವಾಪಸ್ ಬನ್ನಿ, 100 ಎಂಬಿಪಿಎಸ್, ತಿಂಗಳಿಗೆ 549. ಅದನ್ನು ಮೇಲಿನ ಮನೆಯವರಿಗೆ ತೋರಿಸಿದೆ. ಅವರ ಆಫರ್ ಮುಗಿದು ಈಗ 799 ಕಟ್ಟುತ್ತಿದ್ದಾರಂತೆ.