ಬೆನ್ನುಮೂಳೆ ವಿಭಾಗ: ವೈದ್ಯರಿಗೆ ಮೆಚ್ಚುಗೆ, ವರದಿ ಕೌಂಟರಿಗೆ ತಕರಾರು

ಐದರಲ್ಲಿ ನಾಲ್ಕು ನಕ್ಷತ್ರ, ಅದೂ ಬಹುಪಾಲು ಎರಡು ಶೀಶೆಗಳಿಗಾಗಿ.

ಸಂಧಿವಾತಕ್ಕೆಂದು ಅಣ್ಣ ಬಹುಕಾಲದಿಂದ ಸ್ಟೀರಾಯ್ಡ್ ನುಂಗುತ್ತಿದ್ದ. ಬೆನ್ನುನೋವು ಮಲಗಿದರೂ ಬಿಡದಾಯಿತು; ಆಮೇಲೆ ಕಾಲು ಸೋತು, ಚಪ್ಪಲಿ ಕಳಚಿ ಹಿಂದೆ ಉಳಿದರೂ ಅವನಿಗೆ ತಿಳಿಯುತ್ತಿರಲಿಲ್ಲ. ಎಂಆರ್‌ಐಯಲ್ಲಿ ಎರಡು ಕಶೇರುಕಗಳೂ ನಡುವಿನ ಡಿಸ್ಕೂ ಹಾಳಾಗಿ, ಕೀವು ಬೆನ್ನುಹುರಿಯನ್ನು ಒತ್ತುತ್ತಿತ್ತು. ಮೊದಲು ತೋರಿಸಿದ ಕಡೆ ಕ್ಷಯವೆಂದು ಊಹಿಸಿ ಮಾತ್ರೆ ಬರೆದಿದ್ದರು. ಇಲ್ಲಿನ ವೈದ್ಯೆ, ‘ಅಂಗಾಂಶ ನೋಡದೆ ನಾನು ರೋಗಕ್ಕೆ ಹೆಸರಿಡುವುದಿಲ್ಲ’ ಎಂದರು. ಕಾಲಿನ ಬಲ ದಿನೇದಿನೇ ಕುಗ್ಗುತ್ತಿದ್ದುದರಿಂದ ತಡಮಾಡದೆ ಶಸ್ತ್ರಚಿಕಿತ್ಸೆ ಮಾಡಿ ಒತ್ತಡ ಇಳಿಸಿದರು.

ಪ್ರಯೋಗಾಲಯಕ್ಕೆ ಒಯ್ಯಲು ನರ್ಸ್ ನನ್ನ ಕೈಗೆ ಶೀಶೆಗಳನ್ನು ಕೊಟ್ಟರು. ಸೂಕ್ಷ್ಮದರ್ಶಕಕ್ಕೆ ಹೋಗುವ ತುಣುಕು ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ, ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ಹೋಗುವುದು ಬರೀ ಸಲೈನ್‌ನಲ್ಲಿ. ಫಾರ್ಮಲಿನ್ ಸೋಕಿದರೆ ಶಿಲೀಂಧ್ರ ಸಾಯುತ್ತದೆ, ಮತ್ತೆ ಏನೂ ಬೆಳೆಯುವುದಿಲ್ಲ. ಚೀಟಿಯಲ್ಲಿ ಬ್ಯಾಕ್ಟೀರಿಯಾ, ಕ್ಷಯ, ಶಿಲೀಂಧ್ರ ಮೂರಕ್ಕೂ ಗುರುತು ಬಿದ್ದಿದೆಯೇ ಎಂದು ಬೆರಳಿಟ್ಟು ನೋಡಿದ ಮೇಲೆಯೇ ನನ್ನನ್ನು ಬಿಟ್ಟರು. ಬೆಳೆದದ್ದು ಆಸ್ಪರ್ಜಿಲಸ್ ಎಂಬ ಶಿಲೀಂಧ್ರ. ಅದಕ್ಕೆ ಕ್ಷಯದ ಮಾತ್ರೆ ಎಷ್ಟು ನುಂಗಿದರೂ ಪ್ರಯೋಜನವಿರಲಿಲ್ಲ.

ಔಷಧಿ ವೊರಿಕೊನಜೋಲ್ ಎಂಬ ಶಿಲೀಂಧ್ರನಾಶಕ. ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಒಂದು ಗಂಟೆಯ ನಂತರ ನುಂಗಬೇಕು, ಬಿಸಿಲಿಗೆ ಮೈಯೊಡ್ಡಬಾರದು, ದೃಷ್ಟಿ ಮಬ್ಬಾದರೆ ಅಥವಾ ಬಣ್ಣ ಬೇರೆಯಾಗಿ ಕಂಡರೆ ತಿಳಿಸಬೇಕು ಎಂದು ಔಷಧ ವಿತರಕಿ ಬರೆದೇ ಕೊಟ್ಟರು. ರಕ್ತದಲ್ಲಿ ಔಷಧಿಯ ಮಟ್ಟ, ಯಕೃತ್ತಿನ ಪರೀಕ್ಷೆ ಆಗಾಗ ನಡೆಯುತ್ತದೆ. ಇದು ತಿಂಗಳುಗಟ್ಟಲೆಯ ಚಿಕಿತ್ಸೆ. ಅಣ್ಣ ಈಗ ವಾಕರ್ ಹಿಡಿದು ಓಡಾಡುತ್ತಾನೆ.

ಹೊರರೋಗಿಗಳು ಕಾಯುವ ಕಡೆ ಒರಗಲು ಆಸರೆಯಿಲ್ಲದ ಬೆಂಚು. ಬೆನ್ನುಮೂಳೆ ವಿಭಾಗದಲ್ಲಿ! ಆಯ್ಕೆ ಮಾಡಿದವರನ್ನು ಒಂದು ಗಂಟೆ ಅದರ ಮೇಲೆ ಕೂರಿಸಬೇಕು.

ಅದಕ್ಕಿಂತ ದೊಡ್ಡ ತಕರಾರು ವರದಿ ಕೌಂಟರಿನದು. ಮೊದಲು ಕೈಗಿಟ್ಟ ಹಾಳೆಯಲ್ಲಿ ‘ಬೆಳವಣಿಗೆ ಇಲ್ಲ’ ಎಂದಷ್ಟೇ ಇತ್ತು. ಅದು ಬ್ಯಾಕ್ಟೀರಿಯಾದ ವರದಿ. ಶಿಲೀಂಧ್ರದ ಕಲ್ಚರನ್ನು ವಾರಗಟ್ಟಲೆ ಇಟ್ಟು ನೋಡುತ್ತಾರೆ. ‘ಇನ್ನೊಂದು ವರದಿ ಬಾಕಿ ಇದೆ’ ಎಂದು ಒಂದು ಸಾಲು ಮುದ್ರಿಸಲು ಏನು ಕಷ್ಟವೋ! ಇಲ್ಲಿಗೆ ಹೋಗುವವರು ಆ ಎರಡನೆಯ ವರದಿಯನ್ನು ಬಾಯಿಬಿಟ್ಟು ಕೇಳಿ ಪಡೆಯಿರಿ.