ಎಚ್ಚರ: ಹದಿನೇಳೂವರೆ ವಯಸ್ಸಿನವರ ಪಾಸ್‌ಪೋರ್ಟ್ ತೆರೆದು ನೋಡದೆ ಟಿಕೆಟ್ ಮಾಡಿಸಬೇಡಿ

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿದ ಹಾಸನದ ಹುಡುಗಿ. ಏಪ್ರಿಲ್ ರಜೆಯಲ್ಲಿ ಕ್ವಾಲಾಲಂಪುರದ ಚಿಕ್ಕಮ್ಮನ ಮನೆಗೆ ಒಬ್ಬಳೇ ಹೊರಟಿದ್ದಳು. ಹೋಗಿ ಬರುವ ಟಿಕೆಟ್ ಇತ್ತು, ಮಲೇಷ್ಯಾದ ಆಗಮನ ಫಾರಂ ತುಂಬಿ ಆಗಿತ್ತು, ಪ್ರವಾಸ ವಿಮೆಯೂ ಇತ್ತು. ಬೆಂಗಳೂರು ವಿಮಾನ ನಿಲ್ದಾಣದ ಟರ್ಮಿನಲ್ 2ರಲ್ಲಿ ಚೆಕ್-ಇನ್ ಸಿಬ್ಬಂದಿ ಪಾಸ್‌ಪೋರ್ಟ್ ತಿರುವಿ ನೋಡಿ ಬೋರ್ಡಿಂಗ್ ಪಾಸ್ ಕೊಡಲು ಆಗುವುದಿಲ್ಲ ಎಂದರು. ಅವಳಿಗೆ ಆಗಸ್ಟ್‌ನಲ್ಲಿ 18 ತುಂಬುತ್ತದೆ, ಪಾಸ್‌ಪೋರ್ಟ್ ಅವಧಿ ಮುಗಿಯುವುದೂ ಅಲ್ಲಿಗೇ. ಮಲೇಷ್ಯಾದಲ್ಲಿ ಇಳಿಯುವ ದಿನದಿಂದ ಲೆಕ್ಕ ಹಾಕಿದರೆ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು, ಇದ್ದದ್ದು ನಾಲ್ಕು. ಅಪ್ಪ-ಅಮ್ಮ ಗೇಟಿನ ಹೊರಗೆ, ಟಿಕೆಟ್ ಮಾಡಿಕೊಟ್ಟ ಏಜೆಂಟರ ಫೋನ್ ಸ್ವಿಚ್ಡ್ ಆಫ್. ವಿಮಾನ ಹೋಯಿತು, ದುಡ್ಡೂ ಹೋಯಿತು.

ಪರೀಕ್ಷೆ ಮುಗಿಯುವ ಹೊತ್ತಿಗೆ ಪಿಯುಸಿ ಮಕ್ಕಳಲ್ಲಿ ಬಹುಪಾಲು ಇದೇ ವಯಸ್ಸಿನ ಆಸುಪಾಸಿನಲ್ಲಿರುತ್ತಾರೆ. ಹಾಗಾಗಿ ಇದು ಯಾವ ಮನೆಯಲ್ಲಿಯೂ ಆಗಬಹುದಾದದ್ದು.

18ರ ಒಳಗಿನವರಿಗೆ ಕೊಡುವ ಪಾಸ್‌ಪೋರ್ಟ್ 5 ವರ್ಷಕ್ಕೆ ಅಥವಾ 18 ತುಂಬುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ. ಜನರ ಮನಸ್ಸಿನಲ್ಲಿ ಕೂತಿರುವುದು ‘5 ವರ್ಷ’ ಎಂಬ ಮೊದಲ ಅರ್ಧ ಮಾತ್ರ. 14ರಲ್ಲಿ ಮಾಡಿಸಿದರೆ 19ರವರೆಗೆ ನಡೆಯುತ್ತದೆ ಎಂದುಕೊಳ್ಳುತ್ತಾರೆ. ನಡೆಯುವುದಿಲ್ಲ, 18ಕ್ಕೆ ಮುಗಿಯುತ್ತದೆ. ಅದರ ಮೇಲೆ ಮಲೇಷ್ಯಾ, ಥಾಯ್ಲೆಂಡ್, ಸಿಂಗಪುರ, ಯುಎಇ ಕೇಳುವ ಆರು ತಿಂಗಳನ್ನು ಕಳೆಯಿರಿ. ಹದಿನೇಳೂವರೆ ದಾಟಿದ ದಿನದಿಂದ ಆ ಪಾಸ್‌ಪೋರ್ಟ್ ಈ ದೇಶಗಳಿಗೆ ಇದ್ದೂ ಇಲ್ಲದ ಹಾಗೆ. ಯುರೋಪಿನ ಷೆಂಗೆನ್ ದೇಶಗಳ ಲೆಕ್ಕ ಬೇರೆ: ಅಲ್ಲಿಂದ ಹೊರಡುವ ದಿನದ ನಂತರ ಮೂರು ತಿಂಗಳು ಬಾಕಿ ಇರಬೇಕು.

ವೀಸಾ ಬೇಕಿರುವ ದೇಶವಾದರೆ ಅರ್ಜಿ ಹಾಕುವಾಗಲೇ ಯಾರಾದರೂ ಇದನ್ನು ಹಿಡಿಯುತ್ತಾರೆ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳ ವೀಸಾ ವಿನಾಯಿತಿ ಕೊಟ್ಟಿದೆ (ಇದು ಕಾಲಮಿತಿ ಹಾಕಿ ಮುಂದುವರಿಸುತ್ತಿರುವ ವಿನಾಯಿತಿ, ಟಿಕೆಟ್ ಮಾಡಿಸುವ ದಿನ ಮತ್ತೊಮ್ಮೆ ನೋಡಿಕೊಳ್ಳಿ). ವೀಸಾ ಇಲ್ಲ ಎಂದರೆ ಮನೆ ಮತ್ತು ಚೆಕ್-ಇನ್ ಕೌಂಟರ್ ನಡುವೆ ಪಾಸ್‌ಪೋರ್ಟನ್ನು ತಿಳಿದವರು ಯಾರೂ ನೋಡುವುದೇ ಇಲ್ಲ. ಟಿಕೆಟ್ ಬುಕ್ ಮಾಡುವ ಜಾಲತಾಣಗಳು ಮುಗಿಯುವ ದಿನಾಂಕ ಕೇಳಿದರೂ, ಗಮ್ಯ ದೇಶದ ನಿಯಮಕ್ಕೆ ತಾಳೆ ಹಾಕಿ ತಡೆಯುತ್ತವೆ ಎಂದು ನಂಬಿಕೊಳ್ಳಬೇಡಿ. ಆಗಮನ ಫಾರಂ ಸಿಕ್ಕಿತೆಂದರೆ ಪ್ರವೇಶ ಸಿಕ್ಕಿತೆಂದೂ ಅಲ್ಲ. ಅದು ಬರೀ ಮಾಹಿತಿ ಪತ್ರ.

ಕೌಂಟರ್‌ನಲ್ಲಿ ಅಂಗಲಾಚಿ ಪ್ರಯೋಜನವಿಲ್ಲ. ಪ್ರತಿ ದೇಶದ ನಿಯಮವೂ ಅವರ ಮುಂದಿನ ಪರದೆಯಲ್ಲಿರುತ್ತದೆ. ನಿಯಮ ಮೀರಿ ಕರೆದೊಯ್ದರೆ ವಾಪಸ್ ಕರೆತರುವ ಹೊಣೆ ವಿಮಾನ ಕಂಪನಿಯದು, ಎಷ್ಟೋ ದೇಶಗಳಲ್ಲಿ ದಂಡವೂ ಅವರಿಗೇ. ಅಲ್ಲಿ ಮಾಡಬೇಕಾದ್ದು ಬೇರೆ: ವಿಮಾನ ಹೊರಡುವ ಮೊದಲೇ ಆ್ಯಪ್‌ನಲ್ಲೋ ಕಂಪನಿಯ ಟಿಕೆಟ್ ಕೌಂಟರ್‌ನಲ್ಲೋ ದಿನಾಂಕ ಬದಲಿಸಲು ಸಾಧ್ಯವೇ ಕೇಳಿ. ಬದಲಾವಣೆಗೆ ಶುಲ್ಕ ಬಿದ್ದರೂ ಪರವಾಗಿಲ್ಲ, ಹೊರಟ ಮೇಲೆ ‘ನೋ ಶೋ’ ಎಂದು ದಾಖಲಾದರೆ ಮೂಲ ದರವೇ ಮುಳುಗುತ್ತದೆ. ಮುಳುಗಿದರೂ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರ ಶುಲ್ಕವನ್ನು ಹಿಂದಿರುಗಿಸಲೇಬೇಕು ಎಂದು ವಿಮಾನಯಾನದ ಮೇಲ್ವಿಚಾರಣೆ ಮಾಡುವ ಡಿಜಿಸಿಎಯ ನಿಯಮವಿದೆ. ತಾನಾಗಿ ಬರುತ್ತದೆ ಎಂದು ಕಾಯದೆ ಬರವಣಿಗೆಯಲ್ಲಿ ಕೇಳಿ.

ಪರಿಹಾರ ಕಷ್ಟದ್ದೇನಲ್ಲ, ಮೊದಲೇ ಮಾಡಬೇಕು ಅಷ್ಟೆ. 15 ತುಂಬಿದವರು 10 ವರ್ಷದ ಪಾಸ್‌ಪೋರ್ಟನ್ನೇ ಕೇಳಬಹುದು. 36 ಪುಟದ್ದಕ್ಕೆ ಶುಲ್ಕ ₹1,500, 18ರವರೆಗಿನದಕ್ಕೆ ₹1,000. ಅರ್ಜಿಯಲ್ಲಿ ಈ ಆಯ್ಕೆ ಇದ್ದರೂ ಐನೂರು ರೂಪಾಯಿ ಉಳಿಸಲು ಹೋಗಿ ಕಡಿಮೆಯದನ್ನು ಒತ್ತುವವರೇ ಹೆಚ್ಚು. ಅದಕ್ಕಿಂತ ದುಬಾರಿ ಉಳಿತಾಯ ಇನ್ನೊಂದಿಲ್ಲ. ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಮರುವಿತರಣೆಗೆ ಅರ್ಜಿ ಹಾಕಬಹುದು. ತಂದೆ-ತಾಯಿ ಇಬ್ಬರ ಸಹಿಯಿರುವ ಒಪ್ಪಿಗೆ ಘೋಷಣೆ (ಅನುಬಂಧ ‘ಡಿ’), ಅವರ ಪಾಸ್‌ಪೋರ್ಟ್ ಇದ್ದರೆ ಅದರ ಮೂಲ ಮತ್ತು ಪ್ರತಿ, ಮಗುವಿನ ಹಳೆಯ ಪಾಸ್‌ಪೋರ್ಟ್ ಬೇಕು. ಇಬ್ಬರಲ್ಲಿ ಒಬ್ಬರ ಸಹಿ ಸಿಗದಿದ್ದರೆ ಅನುಬಂಧ ‘ಸಿ’. ತತ್ಕಾಲ್‌ನಲ್ಲಿ ಇನ್ನೂ ₹2,000 ಸೇರುತ್ತದೆ. ಹೊಸದು ಕೈಗೆ ಬಂದ ಮೇಲೆ ಸಂಖ್ಯೆ ಬದಲಾಗಿರುತ್ತದೆ. ಟಿಕೆಟ್, ವಿಮೆ, ಆಗಮನ ಫಾರಂ ಮೂರರಲ್ಲೂ ತಿದ್ದಿಸಿ. ಹಳೆಯದರಲ್ಲಿ ಚಾಲ್ತಿಯಲ್ಲಿರುವ ವೀಸಾ ಇದ್ದರೆ ಎರಡನ್ನೂ ಒಯ್ಯಬೇಕು.

ಹದಿಹರೆಯದವರ ಪ್ರವಾಸದ ತೊಡಕೆಲ್ಲ ಒಂದೇ ಕಡೆಯಿಂದ ಹುಟ್ಟುತ್ತದೆ. 12 ತುಂಬಿದ ಕೂಡಲೇ ವಿಮಾನದಲ್ಲೂ ರೈಲಿನಲ್ಲೂ ಅವರದು ದೊಡ್ಡವರ ಟಿಕೆಟ್. ಕಾನೂನಿನ ಕಣ್ಣಿಗೆ ಮಾತ್ರ 18ರವರೆಗೆ ಮಕ್ಕಳೇ. ಟಿಕೆಟ್ ದೊಡ್ಡವರದು ಎಂದು ಕಾಗದಪತ್ರವನ್ನೂ ದೊಡ್ಡವರಂತೆ ಕಟ್ಟಿ ಕಳಿಸಿದರೆ ಸಿಕ್ಕಿಬೀಳುತ್ತಾರೆ. ವಿಮಾನ ಕಂಪನಿಗಳಲ್ಲಿ 5ರಿಂದ 12ರ ಮಕ್ಕಳನ್ನು ಸಿಬ್ಬಂದಿಯೇ ಕೈಹಿಡಿದು ಮುಟ್ಟಿಸುವ ಸೇವೆ ಸಾಮಾನ್ಯ. 12 ದಾಟಿದವರಿಗೆ ಕೆಲವರು ಹಣ ಪಡೆದು ಮಾಡುತ್ತಾರೆ, ಕೆಲವರು ಮಾಡುವುದೇ ಇಲ್ಲ, ಕೆಲವರು ಪಾಲಕರ ಸಹಿಯ ಫಾರಂ ಕೇಳುತ್ತಾರೆ. ಆ ಕಂಪನಿಯ ನಿಯಮವನ್ನು ಬುಕ್ ಮಾಡುವ ಮೊದಲೇ ಓದಿ.

ಒಪ್ಪಿಗೆ ಪತ್ರ ಎಲ್ಲ ದೇಶಕ್ಕೂ ಕಡ್ಡಾಯವಲ್ಲ. ಆದರೂ 18ರ ಒಳಗಿನವರು ಒಬ್ಬರೇ ಅಥವಾ ಒಬ್ಬ ಪಾಲಕರ ಜೊತೆ ಹೋಗುವಾಗ ಇಲ್ಲಿನ ವಲಸೆ ಅಧಿಕಾರಿಯೂ ಕೇಳಬಹುದು, ಅಲ್ಲಿನವರೂ ಕೇಳಬಹುದು. ನೋಟರಿ ಮಾಡಿಸಿದ ಪತ್ರದಲ್ಲಿ ಮಗುವಿನ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಬೇಕು. ಜೊತೆಗೆ ಪಾಸ್‌ಪೋರ್ಟ್ ಸಂಖ್ಯೆ, ಹೋಗಿ ಬರುವ ದಿನಾಂಕ, ವಿಮಾನ ಸಂಖ್ಯೆ, ಯಾರ ಮನೆ, ಯಾವ ಸಂಬಂಧ, ವಿಳಾಸ, ಫೋನ್. ಕೊನೆಗೆ ತಂದೆ-ತಾಯಿ ಇಬ್ಬರ ಸಹಿ. ಪತ್ರ ಇಂಗ್ಲಿಷಿನಲ್ಲಿರಲಿ. ಕೈಬರಹದ ಹಳೆಯ ಕನ್ನಡ ಜನನ ಪತ್ರದ ಬದಲು ರಾಜ್ಯದ ಜನನ-ಮರಣ ನೋಂದಣಿ ತಾಣ ಇ-ಜನ್ಮದಿಂದ ಎರಡು ಭಾಷೆಯ ಪ್ರತಿ ತೆಗೆಸಿ. ಚಿಕ್ಕಮ್ಮನ ಹೆಸರು-ವಿಳಾಸ ಅಮ್ಮನ ಫೋನಿನಲ್ಲಿದ್ದರೆ ಪ್ರಯೋಜನವಿಲ್ಲ, ಮಗುವಿನ ಕೈಯಲ್ಲಿ ಕಾಗದದ ಮೇಲೆ ಇರಬೇಕು.

ಹೆಸರಿನದು ನಮ್ಮ ಕಡೆಯವರಿಗೇ ಹೆಚ್ಚು ಕಾಡುವ ಗೋಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ‘ಎಚ್. ಆರ್.’ ಎಂದಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರು ಮತ್ತು ಅಪ್ಪನ ಹೆಸರು ಬಂದಿರುತ್ತದೆ, ಇಲ್ಲವೇ ಕುಲನಾಮದ ಜಾಗ ಖಾಲಿ. ಟಿಕೆಟ್ ಮಾಡಿಸುವವರು ಅಂಕಪಟ್ಟಿ ನೋಡಿ ತುಂಬಿರುತ್ತಾರೆ. ಪಾಸ್‌ಪೋರ್ಟ್‌ನ ಕೆಳಗಿರುವ ಬಾಣದ ಗುರುತಿನ ಎರಡು ಸಾಲು ಇದೆಯಲ್ಲ, ಮೊದಲ ಸಾಲಿನಲ್ಲಿ ಹೆಸರು ಹೇಗಿದೆಯೋ ಟಿಕೆಟ್‌ನಲ್ಲಿ ಹಾಗೇ ಇರಲಿ. ಯುಎಇ 2022ರ ನವೆಂಬರ್‌ನಿಂದ ಒಂದೇ ಹೆಸರಿರುವ ಪಾಸ್‌ಪೋರ್ಟ್‌ಗೆ ಸಂದರ್ಶಕ ವೀಸಾ ಕೊಡುವುದರಲ್ಲಿ ಬಿಗಿ ಮಾಡಿದೆ. ಕೊನೆಯ ಪುಟದಲ್ಲಿ ತಂದೆಯ ಹೆಸರು ಇದ್ದರೆ ದಾರಿ ಇದೆ. ದುಬೈ ಕಡೆ ಹೊರಡುವವರು ಇದನ್ನು ಟಿಕೆಟ್‌ಗೆ ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

ಆಗಮನ ಫಾರಂ ಹೆಸರಿನಲ್ಲಿ ಹಣ ಕೀಳುವವರೂ ಇದ್ದಾರೆ. ಮಲೇಷ್ಯಾ, ಸಿಂಗಪುರ, ಥಾಯ್ಲೆಂಡ್ ಮೂರರದ್ದೂ ಉಚಿತ, ಇಳಿಯುವ ದಿನಕ್ಕೆ ಮೂರು ದಿನ ಇರುವಾಗಿನಿಂದ ತುಂಬಬಹುದು. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಕಾಣುವ ಜಾಹೀರಾತಿನ ತಾಣ ದುಡ್ಡು ಕೇಳಿತೆಂದರೆ ಅಲ್ಲೇ ಮುಚ್ಚಿ. ಅಸಲಿ ವಿಳಾಸದ ಕೊನೆಯಲ್ಲಿ ಆ ಸರ್ಕಾರದ ಗುರುತಿರುತ್ತದೆ: ‘ಡಾಟ್ ಗವ್ ಡಾಟ್ ಎಂವೈ’, ‘ಡಾಟ್ ಗವ್ ಡಾಟ್ ಎಸ್‌ಜಿ’, ‘ಡಾಟ್ ಗೋ ಡಾಟ್ ಟಿಎಚ್’.

ಸಾಮಾನಿನಲ್ಲಿ ಎಲ್ಲಕ್ಕಿಂತ ಅಪಾಯದ್ದು ಗಸಗಸೆ. ಪಾಯಸಕ್ಕೆಂದು ಅಜ್ಜಿ ಕಟ್ಟಿಕೊಡುವ ಸಣ್ಣ ಪೊಟ್ಟಣ ಇಲ್ಲಿ ಅಡುಗೆ ಸಾಮಾನು, ಯುಎಇ ಮತ್ತು ಸಿಂಗಪುರದಲ್ಲಿ ನಿಷೇಧಿತ ವಸ್ತು. ಅಫೀಮು ಗಿಡದ ಬೀಜ ಎಂಬ ಕಾರಣಕ್ಕೆ ಅದು ಮಾದಕವಸ್ತುವಿನ ತನಿಖೆಗೆ ಎಳೆಯುತ್ತದೆ. ಗಸಗಸೆ ಹಾಕಿ ಕುಟ್ಟಿದ ಮಸಾಲೆಪುಡಿಯೂ ಬೇಡ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಾಮಡಾಲ್ ನೋವಿನ ಮಾತ್ರೆ ಇವೂ ಯುಎಇಯಲ್ಲಿ ನಿಯಂತ್ರಿತ. ಒಣ ಕೊಬ್ಬರಿ ಗಿಟುಕನ್ನು ಇಲ್ಲಿನ ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ. ಎಣ್ಣೆ ಅಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದಿದೆ. ವೇಪ್ (ಇ-ಸಿಗರೇಟು) ಅಂತೂ ಸಿಂಗಪುರದಲ್ಲಿ ಬಳಸುವುದಿರಲಿ, ಜೇಬಿನಲ್ಲಿ ಇಟ್ಟುಕೊಂಡರೇ ಅಪರಾಧ. ಗೆಳೆಯರು ‘ಇಟ್ಕೊಂಡಿರು’ ಎಂದು ಕೊಟ್ಟದ್ದಕ್ಕೂ ಇದೇ ಅನ್ವಯ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಚೀಲದಲ್ಲಿ ಕೂಡದು. ಮಿತಿ 100 ವ್ಯಾಟ್-ಅವರ್. ಎಂಎಎಚ್ ಸಂಖ್ಯೆಯನ್ನು 3.7ರಿಂದ ಗುಣಿಸಿ 1,000ದಿಂದ ಭಾಗಿಸಿ: 20,000 ಎಂಎಎಚ್ ಎಂದರೆ 74, ತೊಂದರೆಯಿಲ್ಲ. 30,000 ಎಂದರೆ 111, ಕಂಪನಿಯ ಅನುಮತಿ ಬೇಕು. ಮೇಲಿನ ಅಕ್ಷರ ಅಳಿಸಿಹೋಗಿದ್ದರೆ ಭದ್ರತಾ ಸಿಬ್ಬಂದಿ ಲೆಕ್ಕ ಹಾಕುತ್ತಾ ಕೂರುವುದಿಲ್ಲ, ಎತ್ತಿಡುತ್ತಾರೆ.

ಅಗ್ಗವೆಂದು ಎರಡು ಬೇರೆ ಬೇರೆ ಟಿಕೆಟ್ ಜೋಡಿಸಬೇಡಿ. ಕ್ವಾಲಾಲಂಪುರದಲ್ಲಿ ಟರ್ಮಿನಲ್ 1 ಮತ್ತು 2 ಬೇರೆ ಬೇರೆ ಕಟ್ಟಡ. ನಡುವಿನ ರೈಲು ಮೂರು ನಿಮಿಷದ್ದೇ ಆದರೂ ಅದು ವಲಸೆ ತಪಾಸಣೆಯ ಆಚೆ ಇದೆ. ಅಂದರೆ ದೇಶದೊಳಗೆ ಪ್ರವೇಶ ಪಡೆದು, ಚೀಲ ತೆಗೆದುಕೊಂಡು, ಮತ್ತೆ ಚೆಕ್-ಇನ್. ಎರಡನೆಯ ವಿಮಾನ ತಪ್ಪಿದರೆ ಯಾವ ಕಂಪನಿಯೂ ಹೊಣೆಯಲ್ಲ, 16ರ ಹುಡುಗನಿಗೆ ಹೋಟೆಲ್ ಕೋಣೆಯೂ ಸುಲಭಕ್ಕೆ ಸಿಗದು.

ಕಾರ್ಡ್ ಕೊಟ್ಟು ಕಳಿಸುವವರು ವಿದೇಶಿ ಬಳಕೆಯನ್ನು ಬ್ಯಾಂಕ್ ಆ್ಯಪ್‌ನಲ್ಲಿ ಇಲ್ಲಿಂದಲೇ ತೆರೆದು ಕಳಿಸಿ. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡ್‌ಗಳಲ್ಲಿ ಅದು ಮುಚ್ಚಿಯೇ ಬರುತ್ತದೆ. ಅಂಗಡಿಯ ಯಂತ್ರ ರೂಪಾಯಿಯಲ್ಲಿ ಕೊಡುತ್ತೀರಾ ಎಂದು ಕೇಳಿದರೆ ಬೇಡ ಎಂದು ಆ ದೇಶದ ಹಣವನ್ನೇ, ರಿಂಗಿಟ್ಟೋ ಬಾತೋ, ಆಯ್ದುಕೊಳ್ಳಲಿ. ರೂಪಾಯಿ ದರದಲ್ಲಿ ಅವರ ಲಾಭ ಸೇರಿರುತ್ತದೆ.

ಒಳನಾಡಿನಲ್ಲೂ ಇದೇ ಇಬ್ಬಂದಿ. ಗೆಳೆಯರ ಗುಂಪು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೊಸಪೇಟೆಗೆ ಹೊರಟರೆ ಒಂದು ಪಿಎನ್‌ಆರ್‌ಗೆ ಒಬ್ಬರ ಗುರುತಿನ ಚೀಟಿ ಸಾಕು. ಚೀಟಿ ಇರುವ ಹುಡುಗನೇ ಸ್ಟೇಷನ್‌ಗೆ ತಡವಾಗಿ ಬಂದು ರೈಲು ತಪ್ಪಿಸಿಕೊಂಡರೆ ಉಳಿದವರು ಟಿಕೆಟ್ ಇಲ್ಲದವರ ಸಾಲಿಗೆ. ಆದ್ದರಿಂದ ಪ್ರತಿಯೊಬ್ಬರೂ ಒಯ್ಯಲಿ. ಮಾನ್ಯ ಶಾಲೆ-ಕಾಲೇಜಿನ ಫೋಟೊ ಚೀಟಿ ನಡೆಯುತ್ತದೆ, ಡಿಜಿಲಾಕರ್‌ನ ಆಧಾರ್ ನಡೆಯುತ್ತದೆ, ವಾಟ್ಸ್‌ಆ್ಯಪ್‌ನಲ್ಲಿರುವ ಆಧಾರ್ ಚಿತ್ರ ನಡೆಯುವುದಿಲ್ಲ. 15 ತುಂಬಿದ ಮೇಲೆ ಆಧಾರ್‌ನ ಬೆರಳಚ್ಚು, ಕಣ್ಣು, ಫೋಟೊ ಹೊಸದಾಗಿ ಕೊಡುವುದು ಕಡ್ಡಾಯ. 17ರೊಳಗೆ ಕೊಟ್ಟರೆ ಉಚಿತ.

ಆನ್‌ಲೈನ್ ಟಿಕೆಟ್‌ನಲ್ಲಿ ಎಲ್ಲರದ್ದೂ ವೇಟಿಂಗ್ ಲಿಸ್ಟ್ ಆಗಿಯೇ ಉಳಿದು ಚಾರ್ಟ್ ಆದರೆ ಟಿಕೆಟ್ ತಾನಾಗಿ ರದ್ದು. ‘ಹತ್ತಿಕೊಳ್ಳೋಣ, ಟಿಟಿಇ ನೋಡ್ಕೊಳ್ತಾರೆ’ ಎಂದು ಹತ್ತಿದರೆ ಪ್ರಯಾಣ ದರದ ಜೊತೆ ಅಷ್ಟೇ ಮೊತ್ತ ಅಥವಾ ₹250, ಯಾವುದು ಹೆಚ್ಚೋ ಅದು, ದಂಡ.

ಒಬ್ಬರೇ ಓಡಾಡುವ ಚಿಕ್ಕವರನ್ನು ನಿಲ್ದಾಣಗಳಲ್ಲಿ ರೈಲ್ವೆ ರಕ್ಷಣಾ ದಳದವರು ತಡೆದು ವಿಚಾರಿಸುತ್ತಾರೆ. ಮನೆ ಬಿಟ್ಟು ಓಡಿಬಂದ ಮಕ್ಕಳನ್ನು ಹುಡುಕುವುದು ಅವರ ಕೆಲಸ. ಉತ್ತರ ತಡವರಿಸಿ, ಮನೆಯ ಫೋನ್ ಸಿಗದಿದ್ದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬಹುದು, ಆಗ ಪಾಲಕರು ಆ ಊರಿಗೇ ದಾಖಲೆ ಹಿಡಿದು ಹೋಗಬೇಕು. ಪ್ರಯಾಣದ ದಿನ ಅಪ್ಪನೋ ಅಮ್ಮನೋ ಅಪರಿಚಿತ ಸಂಖ್ಯೆಯ ಕರೆಯನ್ನೂ ಎತ್ತಬೇಕು. ಲಾಡ್ಜ್‌ಗಳ ವಿಷಯ: 18 ಆಗದವರಿಗೆ ಕೋಣೆ ಕೊಡದಿರುವುದೇ ವಾಡಿಕೆ. ಆ್ಯಪ್‌ನಲ್ಲಿ ಮುಂಗಡ ಕಟ್ಟಿದ್ದರೂ ಆಧಾರ್‌ನ ಹುಟ್ಟಿದ ದಿನಾಂಕ ನೋಡಿ ವಾಪಸ್ ಕಳಿಸುತ್ತಾರೆ. ದುಡ್ಡು ಕಟ್ಟುವ ಮೊದಲು ಲಾಡ್ಜ್‌ಗೇ ಫೋನ್ ಮಾಡಿ ವಯಸ್ಸು ಹೇಳಿ ಕೇಳಿ.

ರೈಲಿನಲ್ಲಿ ತೊಂದರೆಯಾದರೆ 139, ಮಕ್ಕಳ ಸಹಾಯವಾಣಿ 1098. ಇಂಥವರನ್ನು ಕಾಯುವ 1989ರ ರೈಲ್ವೆ ಕಾಯ್ದೆಯ ಕಲಮಿನ ಸಂಖ್ಯೆಯೂ 139 ಎಂಬುದು ಕಾಕತಾಳೀಯ, ನೆನಪಿಡಲು ಅನುಕೂಲ. ಆ ಕಲಮು ಹೇಳುವುದಿಷ್ಟು: ಗಂಡಸರ ಜೊತೆಯಿಲ್ಲದ ಹೆಂಗಸರನ್ನಾಗಲಿ ಮಕ್ಕಳನ್ನಾಗಲಿ ಟಿಕೆಟ್ ಇಲ್ಲವೆಂದು ರಾತ್ರಿ ಯಾವುದೋ ಸಣ್ಣ ನಿಲ್ದಾಣದಲ್ಲಿ ಇಳಿಸುವಂತಿಲ್ಲ. ಹತ್ತಿದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರ, ಅಲ್ಲೂ ಹಗಲಿನಲ್ಲಿ ಮಾತ್ರ. ದಂಡ ಮಾತ್ರ ಕಟ್ಟಲೇಬೇಕು.